ಒಂದಕ್ಷರ ಹೆಚ್ಚಿದ್ದ ಗರಗಸ

ಒಂದು ಮರ ಬೀಳಿಸಲು ಆಳು ಕರೆಯುವುದು ಗಂಡಸಾದವನಿಗೆ ಅವಮಾನ ಎಂದು ಸೋಮವಾರ ಬೆಳಗ್ಗೆ ಹಲ್ಲುಜ್ಜುತ್ತಾ ಘೋಷಿಸಿದೆ. ಬಾಯಿ ತುಂಬಾ ನೊರೆಯಿದ್ದುದರಿಂದ ಘೋಷಣೆಯ ಅರ್ಧಭಾಗ ಹೆಂಡತಿಗೆ ಕೇಳಿಸಲಿಲ್ಲ. ಕೇಳಿಸಿದ ಅರ್ಧವೇ ಅವಳಿಗೆ ಸಾಕಾಯಿತು.

"ಯಾರು ಕಡಿಯೋದು?"

"ನಾನೇ!"

"ಯಾವುದರಲ್ಲಿ? ಕೆಂಪು ಪೆನ್ನಲ್ಲಾ?"

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಇಪ್ಪತ್ತೆರಡು ವರ್ಷಗಳಿಂದ ಊರಿನವರ ಕಾಗುಣಿತಕ್ಕೆ ಕೆಂಪು ಸುತ್ತು ಹಾಕುತ್ತಾ ಬದುಕಿದ್ದೇನೆ. ಒಂದು ಒತ್ತು ಜಾರಿದರೂ ನನ್ನ ಕಣ್ಣು ಹಿಡಿಯುತ್ತದೆ. ಹೆಂಡತಿಯದು ಹೊಲಿಗೆ. ಮುಂದಿನ ಕೋಣೆಯಲ್ಲಿ ಅವಳ ಎರಡು ಮೆಶೀನುಗಳಿವೆ. ಯಾವುದಕ್ಕೆ ಎಣ್ಣೆ ಬೇಕು, ಯಾವುದರ ಬೆಲ್ಟು ಸಡಿಲವಾಗಿದೆ ಎಂಬುದನ್ನು ಅಡುಗೆಮನೆಯಲ್ಲಿ ನಿಂತು, ಸದ್ದಿನಲ್ಲೇ ಹೇಳುತ್ತಾಳೆ.

ಮರ ಹಿತ್ತಲಿನದು. ಒಣಗಿ ಎರಡು ವರ್ಷವಾಗಿತ್ತು. ಒಣಗಿದ್ದು ಸಾಲದೆಂದು ಕಾಂಪೌಂಡಿನ ಆಚೆಗೆ ವಾಲಿ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕಣ್ಣಿಟ್ಟಿತ್ತು. ಟ್ಯಾಂಕಿನ ಒಡತಿ ನಿವೃತ್ತ ಹೆಡ್‌ಮಿಸ್ಸು. ಹಿಂದಿನ ದಿನ ಗೋಡೆಯ ಮೇಲಿಂದ ತಲೆಯೆತ್ತಿ, "ಗಾಳಿ ಶುರುವಾಗ್ತಿದೆ. ಮುಂದಿನ ಭಾನುವಾರ ಸಂಜೆಗೆ ಈ ಮರ ಇಲ್ಲಿರಬಾರದು" ಎಂದಿದ್ದರು. ನಾನು ಕುರ್ಚಿಯಿಂದ ಎದ್ದು ನಿಂತು, ಕೈಕಟ್ಟಿ, "ಆಗ್ಲಿ ಮಿಸ್" ಎಂದಿದ್ದೆ. ನಾನು ಅವರ ಶಾಲೆಯಲ್ಲಿ ಓದಿದವನೇ ಅಲ್ಲ ಎಂಬುದು ಆಮೇಲೆ ನೆನಪಾಯಿತು.

ಚೈನ್‌ಸಾ ಎಂಬ ಎಂಜಿನ್ ಗರಗಸ ಕೊಳ್ಳಲು ನಿರ್ಧರಿಸಿದೆ. ಹೆಸರಾಂತ ಕಂಪನಿಯದರ ಬೆಲೆ ನೋಡಿ ಮೊಬೈಲ್ ಕೆಳಗಿಟ್ಟು ನೀರು ಕುಡಿದೆ. ಮತ್ತೆ ಎತ್ತಿಕೊಂಡಾಗ ಅದರ ಕೆಳಗೇ ಇನ್ನೊಂದು ಕಾಣಿಸಿತು. ಅದೇ ಬಣ್ಣ, ಅದೇ ಮೈಕಟ್ಟು, ಹಡಗಿನಲ್ಲಿ ಸಮುದ್ರ ದಾಟಿ ಬಂದದ್ದು, ಬೆಲೆ ಮಾತ್ರ ಕಾಲುಭಾಗ! ಉಳಿದವರೆಲ್ಲ ಎಂಥ ದಡ್ಡರು ಎಂದು ಮರುಗುತ್ತಾ ತರಿಸಿಕೊಂಡೆ.

ಗುರುವಾರ ಪೆಟ್ಟಿಗೆ ಬಂತು. ಹೆಂಡತಿ ಬಗ್ಗಿ ಓದಿದಳು.

"ರೀ, ಕಂಪನಿ ಹೆಸರಲ್ಲಿ ಒಂದಕ್ಷರ ಜಾಸ್ತಿ ಇದೆ."

"ಅದು... ಅಚ್ಚಿನ ದೋಷ" ಎಂದೆ.

"ಪೆಟ್ಟಿಗೆ ಮೇಲೂ ಅದೇ ದೋಷ, ಮೆಶೀನ್ ಮೇಲೂ ಅದೇ ದೋಷ. ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಇದೊಂದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

ಒಳಗೆ ಕನ್ನಡದಲ್ಲೇ ಒಂದು ಕೈಪಿಡಿಯಿತ್ತು. ಮೊದಲ ಪುಟದ ಮೊದಲ ಸಾಲು: "ಎರಡು ಕೈ ಇರುವ ತನಕ ಮಾತ್ರ ಬಳಸಿ ಸಂತೋಷಪಡಿ." ನನ್ನ ರಕ್ತ ಕುದಿಯಿತು. ಕೆಂಪು ಪೆನ್ನು ತೆಗೆದು ಕೂತೆ. ಸಂಜೆಯಾಗುವಷ್ಟರಲ್ಲಿ ನಲವತ್ತು ಪುಟಗಳಲ್ಲಿ ಮುನ್ನೂರಹನ್ನೊಂದು ತಪ್ಪು ತಿದ್ದಿದ್ದೆ. ತಿದ್ದಿದೆನೇ ಹೊರತು, ಓದಿದೆ ಎಂದು ಹೇಳಲಾರೆ.

ತಿದ್ದುವ ಮೊದಲು ಯಂತ್ರಕ್ಕೆ ಪೆಟ್ರೋಲ್, ಚೈನಿನ ಎಣ್ಣೆ ತುಂಬಿ, ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಇಟ್ಟಿದ್ದೆ. ಇಂಥ ಯಂತ್ರಗಳು ಓಡುವಾಗ ಚೈನಿಗೆ ಎಣ್ಣೆ ಸುರಿಸಬೇಕು. ನನ್ನದು ಅತ್ಯುತ್ಸಾಹಿ, ನಿಂತಲ್ಲೇ ಸುರಿಸಿತು. ಮೇಜಿನ ಮೇಲೆ ನರ್ಸಿಂಗ್ ಕಾಲೇಜಿನ ಆರು ಬಿಳಿ ಕೋಟುಗಳಿದ್ದವು. ಈಗ ಆರೂ ಕಪ್ಪು ನಕ್ಷೆ ಹೊತ್ತಿದ್ದವು. ಹೆಂಡತಿ ಶುಕ್ರವಾರವಿಡೀ ಕೋಟುಗಳನ್ನು ಕಲ್ಲಿನ ಮೇಲೆ ಒಗೆದಳು. ಪ್ರತಿ ಏಟೂ ನನ್ನ ಬೆನ್ನಿಗೇ ಬಿದ್ದಂತೆ ಕೇಳುತ್ತಿತ್ತು.

ಶನಿವಾರ ಹಿತ್ತಲಿನಲ್ಲಿ ಕಾಲೂರಿ ನಿಂತು, ಸ್ಟಾರ್ಟರ್ ಹಗ್ಗವನ್ನು ರಾಜಗಾಂಭೀರ್ಯದಿಂದ ಎಳೆದೆ. ಹಗ್ಗ ಬಂತು. ಇನ್ನೂ ಬಂತು. ಪೂರ್ತಿ ಕಿತ್ತು ಬಂತು! ಹಿಡಿಕೆ, ಹಗ್ಗ, ನಾನು ಮೂವರೂ ಒಟ್ಟಿಗೆ ಹಿಂದಕ್ಕೆ ಹೋಗಿ ಬಕೆಟ್ಟಿನಲ್ಲಿ ಕೂತೆವು. ಬಕೆಟ್ಟಿನಲ್ಲಿ ಕೋಟು ನೆನೆಹಾಕಿದ ಸೋಪಿನ ನೀರಿತ್ತು.

ರಿಪೇರಿ ಅಂಗಡಿಗೆ ಹೆಂಡತಿಯೂ ಜೊತೆಗೆ ಬಂದಳು. ನನ್ನನ್ನು ಒಬ್ಬನನ್ನೇ ಬಿಟ್ಟರೆ ಇನ್ನೊಂದು ಕೊಂಡು ತಂದೇನೆಂಬ ಭಯ. ಮೆಕ್ಯಾನಿಕ್ ಮಿತಭಾಷಿ. ಯಂತ್ರವನ್ನು ತಿರುಗಿಸಿ, ಮೂಸಿ, ಅಲ್ಲಾಡಿಸಿ ನೋಡಿದರು.

"ಎಂಜಿನ್ ಪರವಾಗಿಲ್ಲ ಸರ್. ಬೆಲೆಗೆ ಮೀರಿ ಒಳ್ಳೇದೇ ಇದೆ."

"ನೋಡಿದ್ಯಾ!" ಎಂದು ಹೆಂಡತಿಯ ಕಡೆ ತಿರುಗಿದೆ.

"ಅದನ್ನ ಬಿಟ್ಟು ಉಳಿದಿದ್ದೆಲ್ಲಾ ಬದಲಾಯಿಸ್ಬೇಕು" ಎಂದು ಅವರು ವಾಕ್ಯ ಮುಗಿಸಿದರು.

ಪೆಟ್ರೋಲ್ ಪೈಪು ಬೆರಳು ತಾಗಿದ್ದೇ ಬಿರುಕು ಬಿಟ್ಟಿತು. ಪ್ಲಗ್ಗು ಕಿಡಿ ಕೊಡಲು ಒಲ್ಲೆನೆಂದಿತು. ಚೈನಿನ ಹಲ್ಲನ್ನು ಹೆಬ್ಬೆರಳಲ್ಲಿ ಸವರಿ, "ಇದು ಬೆಣ್ಣೆ ಕೊಯ್ಯುತ್ತೆ ಸರ್, ಬೆಣ್ಣೆ ಮೆತ್ತಗಿದ್ರೆ" ಎಂದರು. ಒಂದೊಂದನ್ನೇ ಬಿಚ್ಚಿ ಅಸಲಿ ಭಾಗ ಹಾಕುತ್ತಾ ಹೋದರು. ಹೆಂಡತಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತಳು.

"ಅಣ್ಣಾ, ಚೈನು ಎಷ್ಟು ಬಿಗಿ ಇರ್ಬೇಕು?"

"ಕೈಯಲ್ಲಿ ಎಳೆದ್ರೆ ಸುಲಭವಾಗಿ ಜಾರ್ಬೇಕು ಅಕ್ಕಾ, ಜೋತು ಬೀಳ್ಬಾರ್ದು."

"ಹಂಗಾದ್ರೆ ನಮ್ಮ ಮೆಶೀನ್ ಬೆಲ್ಟ್ ಥರಾನೇ."

ಕೊನೆಗೆ ಅವರು, "ಸ್ವಿಚ್ಚಿನ ವೈರು ಸಡಿಲ ಇದೆ. ಅದನ್ನೂ ಹಾಕ್ಬಿಡ್ಲಾ?" ಎಂದು ಕೇಳಿದರು.

"ಬೇಡ ಬೇಡ! ಶುರುವಾದ್ರೆ ಸಾಕು. ನಿಲ್ಲಿಸೋದೇನು ಮಹಾ!" ಎಂದೆ ನಾನು.

ಭಾನುವಾರ ಬೆಳಗ್ಗೆ ತಲೆಗೆ ಬೈಕಿನ ಹೆಲ್ಮೆಟ್, ಕೈಗೆ ಒಲೆಯಿಂದ ಪಾತ್ರೆ ಇಳಿಸುವ ಗ್ಲೌಸು ತೊಟ್ಟು ರಣರಂಗಕ್ಕಿಳಿದೆ. ಹೆಡ್‌ಮಿಸ್ಸು ಗೋಡೆಯಾಚೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೂರನೇ ಎಳೆತಕ್ಕೆ ಯಂತ್ರ ಗುಡುಗಿತು. ನಾನೂ ಗುಡುಗಿದೆ. ಮರ ಯಾವ ಕಡೆ ವಾಲಿತ್ತೋ ಅದೇ ಕಡೆಯಿಂದ, ಹಿಂದುಮುಂದು ನೋಡದೆ ಕೊಯ್ಯತೊಡಗಿದೆ. ಅರ್ಧ ದಾರಿಯಲ್ಲಿ ಮರ ಒಮ್ಮೆ ನಿಟ್ಟುಸಿರಿಟ್ಟು ಗರಗಸದ ಮೇಲೆ ಕೂತುಬಿಟ್ಟಿತು.

ಎಳೆದೆ, ಬರಲಿಲ್ಲ. ಸ್ವಿಚ್ ಒತ್ತಿದೆ, ನಿಲ್ಲಲಿಲ್ಲ. ಮರದೊಳಗೆ ಸಿಕ್ಕಿಕೊಂಡೇ ಅದು ಅಬ್ಬರಿಸುತ್ತಿತ್ತು. ಮರ ಲಟಕ್ಕೆಂದು ಟ್ಯಾಂಕಿನ ಕಡೆ ಒಂದು ಗೇಣು ಬಾಗಿತು.

"ನಿಲ್ಸಿ ಅದನ್ನ!" ಹೆಡ್‌ಮಿಸ್ಸು ಕುರ್ಚಿಯಿಂದ ಎದ್ದರು.

"ನಿಲ್ತಾ ಇಲ್ಲ ಮಿಸ್!"

"ಶುರು ಮಾಡೋಕೆ ಮೊದಲು ನಿಲ್ಸೋದು ಕಲೀಬೇಕು!"

ಹೆಂಡತಿ ಕೊರಳಲ್ಲಿ ಅಳತೆ ಟೇಪಿನೊಂದಿಗೆ ಓಡಿಬಂದಳು. ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಚೋಕನ್ನು ಎಳೆದಳು. ಯಂತ್ರ ಕೆಮ್ಮಿ, ಬಿಕ್ಕಿ, ತಣ್ಣಗಾಯಿತು.

"ಅದು ನಿನಗೆ ಹೇಗೆ ಗೊತ್ತಾಯ್ತು?"

"ನೀವು ತಿದ್ದಿದ ಪುಸ್ತಕದಲ್ಲೇ ಇದೆ. ಹದಿನಾಲ್ಕನೇ ಪುಟ. 'ನಿಲ್ಲದಿದ್ದರೆ ಚೋಕ್ ಎಳೆದು ಉಸಿರು ಕಟ್ಟಿಸಿ' ಅಂತ. ಆ 'ಉಸಿರು'ಗೆ ನೀವೇ ಕೊಂಬು ಹಾಕಿದ್ದೀರಿ."

ಆಮೇಲೆ ಫೋನು ಮಾಡಿ ಮೆಕ್ಯಾನಿಕ್ಕನ್ನು ಕರೆಸಿದವಳೂ ಅವಳೇ. ಅವರು ದಪ್ಪ ಹಗ್ಗವನ್ನು ಮರದ ಎತ್ತರಕ್ಕೆ ಕಟ್ಟಿ, ನಮ್ಮ ಹಿತ್ತಲಿನ ಕಡೆ ಬಿಗಿದು, ಬೆಣೆ ಹೊಡೆದು ಗರಗಸ ಬಿಡಿಸಿ, ವೈರನ್ನೂ ಸರಿಮಾಡಿದರು. ಹಗ್ಗ ಹಿಡಿಯಲು ತೂಕದ ಮನುಷ್ಯರು ಬೇಕಿತ್ತು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಹೊಟ್ಟೆಗೆ ಗೌರವ ಸಿಕ್ಕಿತು. ಮೆಕ್ಯಾನಿಕ್ಕೂ ನಾನೂ ದೂರದಲ್ಲಿ ಹಗ್ಗ ಹಿಡಿದು ನಿಂತೆವು.

"ಹಂಗಾದ್ರೆ ಕೊಯ್ಯೋರು?" ಎಂದೆ.

ಹೆಂಡತಿ ಆಗಲೇ ನನ್ನ ಹೆಲ್ಮೆಟ್ ಹಾಕಿಕೊಂಡಿದ್ದಳು. ಮೆಕ್ಯಾನಿಕ್ ತೋರಿಸಿದ್ದ ಜಾಗದಲ್ಲಿ ದರ್ಜಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಸಾಲದೆಂದು ಟೇಪು ಹಿಡಿದು ಅಳೆದಳು. ಚೈನನ್ನು ಎಳೆದು ಬಿಗಿ ನೋಡಿದಳು. ಗೆರೆಯ ಮೇಲೆ ಗರಗಸ ಇಟ್ಟು, ಕಿವಿಯಿಂದಲೇ ಎಂಜಿನ್ ನಡೆಸುವವಳಂತೆ, ಅದು ಏದುಸಿರು ಬಿಟ್ಟಾಗ ಸಡಿಲಿಸುತ್ತಾ, ಹಗುರಾದಾಗ ಒತ್ತುತ್ತಾ ಹೋದಳು. ನಾವು ಎಳೆದೆವು. ಮರ ಗಿರಕಿ ತಿರುಗಿ ನಮ್ಮ ಹಿತ್ತಲಿನ ನಡುಮಧ್ಯೆ ಉದ್ದಕ್ಕೆ ಮಲಗಿತು. ಪಕ್ಕದ ಟ್ಯಾಂಕಿನಿಂದ ಒಂದು ಹನಿಯೂ ತುಳುಕಲಿಲ್ಲ.

ಹೆಡ್‌ಮಿಸ್ಸು ಗೋಡೆಯ ಮೇಲಿಂದ ಮೆಕ್ಯಾನಿಕ್ಕನ್ನು ಕೇಳಿದರು. "ಬೆಳಗ್ಗೆ ಅಷ್ಟು ರಂಪ ಮಾಡಿದ ಮೆಶೀನೇನಾ ಇದು? ಏನೇನು ಬದಲಾಯಿಸಿದ್ರಿ?"

"ಹಗ್ಗ, ಪೈಪು, ಪ್ಲಗ್ಗು, ಚೈನು ಎಲ್ಲಾ ನಿನ್ನೇನೇ ಬದಲಾಯಿಸಿದ್ದೆ ಮೇಡಂ" ಎಂದರು ಅವರು, ಹಗ್ಗ ಸುತ್ತುತ್ತಾ. "ಒಂದು ಮಾತ್ರ ಬಾಕಿ ಇತ್ತು. ಅದನ್ನ ಅಕ್ಕಾವ್ರು ಈಗ ಬದಲಾಯಿಸಿದ್ರು."

"ಸ್ವಿಚ್ಚು ತಾನೇ?" ಎಂದೆ ನಾನು, ಬಲ್ಲವನಂತೆ ಮುಂದೆ ಬಂದು.

"ಅಲ್ಲ ಸರ್. ಹಿಡ್ಕೊಳ್ಳೋರನ್ನ."