ಮಾವನ ಉಲ್ಟಾ ಚೌಕಾಸಿ

ಎಪ್ಪತ್ತೊಂದು ಸಾವಿರ ರೂಪಾಯಿ! ನೆರೆಗೆ ಒಡೆದುಹೋದ ನಮ್ಮ ಹೊಲಗಾಲುವೆಯ ರಿಪೇರಿಗೆ ಬಿದ್ದ ಖರ್ಚು ಇದು. ಅದರಲ್ಲಿ ಅರವತ್ತು ಸಾವಿರ ಮಣ್ಣು, ಕಲ್ಲು, ಸಿಮೆಂಟು, ಕೂಲಿಗೆ. ಉಳಿದ ಹನ್ನೊಂದು ಸಾವಿರ ಯಾಕೆ ಹೋಯಿತು ಅಂತೀರಾ? ವ್ಯವಹಾರಕ್ಕೆ ಹೊರಟಾಗ ನಮ್ಮ ಸೋದರಮಾವನನ್ನು ಜೊತೆಗೆ ಕರೆದುಕೊಂಡು ಹೋದದ್ದಕ್ಕೆ.

ಜಗತ್ತಿನಲ್ಲಿ ಎಲ್ಲರೂ ಬೆಲೆ ಇಳಿಸಲು ಚೌಕಾಸಿ ಮಾಡುತ್ತಾರೆ. ನಮ್ಮ ಮಾವ ಏರಿಸಲು ಮಾಡುತ್ತಾನೆ. ನಗಬೇಡಿ! ನಾನು ಗಂಗಾವತಿಯಲ್ಲಿ ಭತ್ತದ ದಲಾಲಿ ಮಾಡಿ ಸ್ವಂತ ಮನೆ ಕಟ್ಟಿದವನು. ಚೀಲಕ್ಕೆ ಎರಡು ರೂಪಾಯಿಗಾಗಿ ಜಗ್ಗಾಡುತ್ತ ಎಷ್ಟೋ ಲೋಟ ಚಹಾ ಆರಿ ತಣ್ಣಗಾಗಲು ಬಿಟ್ಟವನು. ಅಂಥವನ ಪಾಲಿಗೆ ಇಂಥ ಮಾವ.

ಒಮ್ಮೆ ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿ ಕಿಲೋಗೆ ಇಪ್ಪತ್ತು ಎಂದಳು. ನಾನು ಹದಿನೈದು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮಾವ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೇಬಿಟ್ಟ.

"ಯವ್ವಾ, ಇಪ್ಪತ್ತಕ್ಕ ಹೆಂಗ ಪೂರೈಸ್ತೈತಿ ನಿನಗ? ಬಸ್ ಚಾರ್ಜ್ ಲೆಕ್ಕಾ ಹಿಡದಿಯಿಲ್ಲ? ಇಪ್ಪತ್ತೈದು ತಗೋ."

ಮುದುಕಿ ಮಾವ ಕೊಟ್ಟ ನೋಟನ್ನು ಬಿಸಿಲಿಗೆ ಹಿಡಿದಳು. ಆಮೇಲೆ ಮಾವನ ಮುಖವನ್ನೂ ಹಾಗೇ ಪರೀಕ್ಷಿಸಿದಳು. "ಖೋಟಾ ಇರಬೇಕು, ಒಯ್ಯಪಾ" ಎಂದು ನೋಟು ವಾಪಸ್ ಕೊಟ್ಟು, ಬದನೆಕಾಯಿಯ ಮೇಲೆ ಗೋಣಿತಟ್ಟು ಎಳೆದಳು. ಆ ದಿನ ನಮ್ಮ ಮನೆಯಲ್ಲಿ ಬರೀ ಬೇಳೆಸಾರು!

ಮಾರುವಾಗಲಾದರೂ ಶಾಣ್ಯಾ ಆಗುತ್ತಾನೆಯೇ? ಅವನ ಭತ್ತಕ್ಕೆ ನಾನು ಬೆವರು ಸುರಿಸಿ ಒಳ್ಳೆಯ ದರ ಹಿಡಿದರೆ, ಮಿಲ್ಲಿನವರ ಕಿವಿಯಲ್ಲಿ ಅವನು ಹೇಳಿದ್ದೇನು? "ಆ ಮೂಲ್ಯಾಗಿನ ಚೀಲ ಚೂರು ಹಸಿ ಅದಾವ್ರಿ, ನೋಡಿ ತಗೋರಿ." ದಲ್ಲಾಳಿ ಮುಖ ಎಲ್ಲಿಡಬೇಕು, ಹೇಳಿ!

ಆ ವರ್ಷ ಹಳ್ಳ ಉಕ್ಕಿ ನಮ್ಮ ಹೊಲಗಾಲುವೆಯ ಏರಿಯನ್ನು ಕೊಚ್ಚಿಕೊಂಡು ಹೋಯಿತು. ದೊಡ್ಡ ಕಾಲುವೆಗೆ ನೀರು ಬಿಡುವ ದಿನ ಹತ್ತಿರವಾಗಿತ್ತು, ನಾಟಿಗೆ ಸಸಿ ಎದ್ದು ನಿಂತಿದ್ದವು. ನಮ್ಮಲ್ಲಿ ಹಳೆಯ ಕಟ್ಟಳೆಯೊಂದಿದೆ: ಒಡೆದ ಜಾಗದ ಕೆಳಗಿನ ಹೊಲದವರೆಲ್ಲ ಎಕರೆ ಲೆಕ್ಕದಲ್ಲಿ ವಂತಿಗೆ ಹಾಕಬೇಕು, ಹಾಕದವರಿಗೆ ನೀರಿನ ಪಾಳಿಯಿಲ್ಲ. ಎಕರೆಗೆ ಮೂರು ಸಾವಿರದಂತೆ ಒಟ್ಟು ಅರವತ್ತು ಸಾವಿರ ಎಂದಾಯಿತು. ಹಣ ಕೂಡಿಸಿ ಕೆಲಸ ಮಾಡಿಸುವ ಹೊಣೆ ನನ್ನ ತಲೆಗೆ ಬಂತು. ಮಾವನ ಹೊಲ ಒಡೆದ ಜಾಗಕ್ಕಿಂತ ಮೇಲ್ಗಡೆ ಇತ್ತು. ಅವನು ಬಿಡಿಗಾಸು ಕೊಡಬೇಕಾಗಿರಲಿಲ್ಲ. ಆದರೂ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟ.

"ಒಬ್ಬನ ಹೋದ್ರ ನೀ ಮಂದಿ ಹೊಟ್ಟಿ ಮ್ಯಾಲೆ ಹೊಡೀತಿ, ಅಳಿಯಾ."

"ಬಾ. ಆದ್ರ ಅರವತ್ತು ಸಾವಿರದ ಮ್ಯಾಲೆ ಬಿದ್ದದ್ದೆಲ್ಲ ನಿನ್ನ ಕಿಸೇದ್ದು!"

"ಆತು ಬಿಡು, ನನ್ನ ಕಿಸೆ ಏನ್ ಹರದೈತೇನು?"

ಹರಿಯುವುದಕ್ಕೆ ಎಷ್ಟು ಹೊತ್ತು! ಜೆಸಿಬಿಯವನನ್ನು ತಾಸಿನ ಬಾಡಿಗೆಗೆ ಕರೆಸಿದೆವು. ಮಾವ ಬಾಡಿಗೆ ಏರಿಸಿದ್ದಲ್ಲದೆ ಮನೆಯಿಂದ ಹೋಳಿಗೆ, ತುಪ್ಪ ತರಿಸಿದ. ಹುಡುಗ ಹೊಟ್ಟೆ ತುಂಬ ಉಂಡು ಬೇವಿನ ನೆರಳಿಗೆ ಒರಗಿದ. ನಾನು ಹೋಗಿ ನೋಡಿದರೆ ಯಂತ್ರ ಸುಮ್ಮನೆ ಗುರುಗುಡುತ್ತಿದೆ, ಬಾಡಿಗೆ ಓಡುತ್ತಿದೆ, ಮಾವ ಟವೆಲಿನಿಂದ ಅವನಿಗೆ ಗಾಳಿ ಬೀಸುತ್ತಿದ್ದಾನೆ!

"ಸಣ್ಣಗ ಮಾತಾಡು," ಎಂದ. "ಪಾಪ, ಈಗ ಕಣ್ಣು ಹತ್ಯಾವ."

ಎಲ್ಲರ ವಂತಿಗೆಯೂ ಬಂತು, ಒಬ್ಬಳದನ್ನು ಬಿಟ್ಟು. ಕಾಲುವೆಯ ಕಟ್ಟಕಡೆಗೆ ಎರಡು ಎಕರೆ ಇದ್ದ ಹೆಂಗಸು. ಗಂಡ ಹಿಂದಿನ ವರ್ಷ ತೀರಿಕೊಂಡಿದ್ದ. ಆರು ಸಾವಿರ ಅವಳಲ್ಲಿರಲಿಲ್ಲ. ಸಸಿಮಡಿ ಮಾತ್ರ ಹಸಿರಾಗಿ ನಿಂತಿತ್ತು. ನಾವು ನಾಲ್ಕು ಜನ ಕೂಡಿ ಹಾಕುತ್ತೇವೆ ಎಂದರೆ ಕೈಮುಗಿದಳು. "ಬ್ಯಾಡ್ರಿ. ನಾಳಿ ನೀರು ತಿರುವಾಕ ಹೋದಾಗ ನೀವ ಹಂಗಿಸ್ತೀರಿ."

ಅದೇ ಮಳೆಗೆ ಅವಳ ದನದ ಕೊಟ್ಟಿಗೆ ಕುಸಿದಿತ್ತು. ಅದರ ಗೋಡೆಯದು ಒಳ್ಳೆಯ ಗಟ್ಟಿ ಕಲ್ಲು, ನಾಲ್ಕೂ ಮೈ ಕೆತ್ತಿದ್ದು. ಹಳ್ಳ ಹೊಡೆಯುವ ಕಡೆ ಏರಿಗೆ ಕಟ್ಟಲು ನಮಗೆ ಅಂಥದೇ ಬೇಕಿತ್ತು. ಅವಳು ನಾಲ್ಕು ಸಾವಿರ ಎಂದಳು. ನಾನು ಮೂರು ಎಂದೆ. ಮಾವ ಐದು ಎಂದ!

"ನೀ ಯಾರ ಕಡಿಯಾಂವ?" ಎಂದು ಅವನ ಪಕ್ಕೆಗೆ ತಿವಿದೆ.

"ಕಲ್ಲಿನ ಕಡಿಯಾಂವ."

ಅವಳಿಗೆ ಸಿಟ್ಟೇ ಬಂತು. "ಅಣ್ಣಾ, ನನಗ ಧರ್ಮಾ ಮಾಡಾಕ ಬಂದೀಯೇನು? ಮೂರೂವರಿ ಕೊಡು, ಸಾಕು."

"ಐದೂವರಿ."

"ಮೂರು!"

"ಆರು!"

ಕೊಳ್ಳುವವನು ಏರುತ್ತಿದ್ದಾನೆ, ಮಾರುವವಳು ಇಳಿಯುತ್ತಿದ್ದಾಳೆ! ನಡುವೆ ನಿಂತ ದಲ್ಲಾಳಿ ಯಾರ ಕೈ ಹಿಡಿಯಬೇಕು? ಕೊನೆಗೆ ಅವಳು, "ಪುಕ್ಕಟ ಒಯ್ರಿ, ಹೋಗ್ರಿ!" ಎಂದು ಮುಖ ತಿರುಗಿಸಿದಳು.

ಮಾವ ಬಗ್ಗಿ ಒಂದು ಕಲ್ಲಿನ ಮೇಲೆ ಕೈಯಾಡಿಸಿದ. ಉಳಿಯ ಗುರುತು ಸಾಲಾಗಿ ಕಾಣುತ್ತಿತ್ತು.

"ತಂಗೀ, ನಿನ್ನ ಗಂಡ ಬ್ಯಾಸಗಿ ತುಂಬ ಗುಡ್ಡದಾಗ ಕುಂತು ಇವನ್ನ ಕೆತ್ತ್ಯಾನ. ನಾನ ಮಜ್ಜಿಗಿ ಒಯ್ದು ಕೊಟ್ಟೀನಿ. ಅಂಗೈ ತುಂಬ ಬೊಬ್ಬಿ ಎದ್ದಿದ್ವು, ಚರಿಗಿ ಹಿಡಿಯಾಕ ಬರ್ತಿರಲಿಲ್ಲ ಅವಗ. ಆ ಕೆಲಸಕ್ಕ ಆರು ಸಾವಿರ ಜಾಸ್ತಿ ಆತು ಅಂತ ನೀ ಅಂದ್ರ, ನಾ ಪುಕ್ಕಟ ಒಯ್ತೀನಿ. ಅನ್ನು ನೋಡೂಣು."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಿದ್ದ ಗೋಡೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ತೆಗೆದು, ನನ್ನ ಕಡೆ ತಿರುಗಿ, ಪಕ್ಕಾ ವ್ಯಾಪಾರಸ್ಥೆಯ ಹಾಗೆ ಹೇಳಿದಳು:

"ಆರು. ಒಂದ ರೂಪಾಯಿನೂ ಕಡಿಮಿ ಇಲ್ಲ."

ಮಾವ ಎಣಿಸಿಕೊಟ್ಟ. ಅವಳು ಆ ನೋಟುಗಳನ್ನು ಹಾಗೇ ನನ್ನ ಕೈಗಿಟ್ಟಳು. "ನನ್ನ ಪಾಳಿ ಯಾವಾಗರೀ?" ನಾನು ಪಾಳಿಯ ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡೆ. ಮಾವ ಆಗಲೇ ಅತ್ತ ಹೋಗಿ, ಕಲ್ಲು ಹೇರುವವರಿಗೆ ಕೂಲಿ ಕಡಿಮೆಯಾಯಿತೆಂದು ಜಗಳ ತೆಗೆದಿದ್ದ.

ನೀರು ಬಂದ ದಿನ ಎಲ್ಲರೂ ಸಲಿಕೆ ಹಿಡಿದು ತಮ್ಮ ತಮ್ಮ ಹೊಲಕ್ಕೆ ಓಡಿದರು. ಅವಳು ಹೊಸ ಏರಿಯ ಮೇಲೆ ಕೂತು, ಗಂಡ ಕೆತ್ತಿದ ಕಲ್ಲುಗಳನ್ನು ಸವರಿಕೊಂಡು ನೀರು ತನ್ನ ಹೊಲದ ಕಡೆಗೆ ಹೋಗುವುದನ್ನು ನೋಡುತ್ತಿದ್ದಳು.

ಕಾಲುವೆ ಕಟ್ಟಿಸುವವರು ನನ್ನ ಮಾತು ಕೇಳಿ. ಸಿಮೆಂಟಿನ ದರವನ್ನು ನಾಲ್ಕಾರು ಅಂಗಡಿಯಲ್ಲಿ ವಿಚಾರಿಸಿ. ಮರಳಿಗೆ ಧಾರಾಳವಾಗಿ ಚೌಕಾಸಿ ಮಾಡಿ, ಬೇಕಾದರೆ ನಾನೂ ಬರುತ್ತೇನೆ. ಜೆಸಿಬಿಯವನಿಗೆ ಹೋಳಿಗೆಯನ್ನು ಕೆಲಸ ಮುಗಿದ ಮೇಲೆ ಬಡಿಸಿ. ಕಲ್ಲು ಕೊಳ್ಳುವಾಗ ಮಾತ್ರ, ಬೆಲೆ ಮಾತಾಡುವ ಮೊದಲು ಅದನ್ನು ಕೆತ್ತಿದವರು ಯಾರೆಂದು ಕೇಳಿ. ಕೇಳಿಯಾದ ಮೇಲೆ ನಿಮ್ಮ ಬಾಯಿಂದ ಕಡಿಮೆ ಬೆಲೆ ಹೊರಟರೆ, ನಮ್ಮ ಮಾವನನ್ನು ಕಳಿಸಿಕೊಡುತ್ತೇನೆ.