ಕುರ್ಚಿಯ ಮೇಲಿನ ದಿಂಬು

ಒಂದು ಪದಕ್ಕೆ ಅರ್ಥ ಬರೆಯಲು ಧೈರ್ಯ ಸಾಲದೆ ಅವನು ಫೋನ್ ಎತ್ತಿಕೊಂಡದ್ದೇ ತಪ್ಪಾಯಿತು.

ನಿಘಂಟು ಕಚೇರಿಯಲ್ಲಿ ಅವನಿಗೆ 'ಅನುಮಾನ ಸಾರ್' ಎಂದೇ ಹೆಸರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಎದುರು ಮೇಜಿನ ಟೈಪಿಸ್ಟ್ ಮದುವೆಗೆಂದು ತನ್ನ ವಿಧವೆ ಅಕ್ಕನಿಗೆ ಅವನನ್ನು ತೋರಿಸಿದ್ದಳು. ಆ ಅಕ್ಕನ ಉತ್ತರ ಅಂದು ಸಂಜೆ ಬರಬೇಕಿತ್ತು.

ಅಂದು ಅವನ ಪಾಲಿಗೆ ಬಂದ ಪದ, ಹೋರಿಗಳಿಗೆ ಮಾಡುವ 'ಕ್ಯಾಸ್ಟ್ರೇಶನ್'. ಮೂಲ ಸಿಕ್ಕಿತ್ತು: 'ಕತ್ತರಿಸು' ಎಂಬ ಲ್ಯಾಟಿನ್ ಮಾತು, ನಮ್ಮ 'ಶಸ್ತ್ರ'ಕ್ಕೂ ಅದಕ್ಕೂ ದೂರದ ನೆಂಟಸ್ತಿಕೆ ಇದೆಯೆಂದು ಪಂಡಿತರ ಊಹೆ. ಆದರೆ ಕತ್ತರಿಸುವುದು ಏನನ್ನು? ತಪ್ಪು ಬರೆದರೆ ನಂಬಿದವರ ಗತಿಯೇನು? ಪಶುವೈದ್ಯರಿಗೆ ಫೋನ್ ಮಾಡಿ ಕೇಳಿದ.

"ಬೀಜಾನೇ ತೆಗೀತಾರಾ ಡಾಕ್ಟ್ರೇ? ಗಂಡಸರ ಆಪರೇಷನ್ನಲ್ಲಿ ಬರೀ ನಾಳ ಕತ್ತರಿಸೋದು, ಅಲ್ವಾ? ಆಮೇಲೆ ಮಕ್ಕಳಾಗಲ್ಲ, ಅಷ್ಟೇ ತಾನೇ? ಸದ್ಯ, ಈಗ ಸಮಾಧಾನ ಆಯ್ತು."

ಟೈಪಿಸ್ಟಳ ಬೆರಳುಗಳು ನಿಂತವು. ಹೊಸ ಚಪ್ಪಲಿ ಕಚ್ಚಿ ಅವನು ಬೆಳಿಗ್ಗೆಯಿಂದ ಕುಂಟುತ್ತಿದ್ದದ್ದೂ ಅವಳಿಗೆ ನೆನಪಾಯಿತು. ಎದ್ದು ಹೊರಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಅವನ ಕುರ್ಚಿಯ ಮೇಲೆ ದಿಂಬು ಬಂತು. ಕ್ಯಾಷಿಯರ್ ಅವನ ಕೈಯಿಂದ ಫೈಲು ಕಿತ್ತುಕೊಂಡು, "ಭಾರ ಎತ್ತಬೇಡಿ ಸಾರ್, ಹೊಲಿಗೆ ಬಿಚ್ಚಿಕೊಂಡೀತು" ಅಂದ. ಹೇಗೋ ಸುದ್ದಿ ಮುಟ್ಟಿ, ಅನುಮಾನ ಸಾರ್‌ರ ಸ್ವಂತ ಅಕ್ಕ ಫೋನಿನಲ್ಲಿ, "ಒಡಹುಟ್ಟಿದವಳಿಗೂ ಹೇಳದೆ ಮಾಡಿಸ್ಕೊಂಡ್ಯಲ್ಲೋ" ಎಂದು ಅತ್ತಳು.

ತನಗೆ ಆಪರೇಷನ್ ಆಗಿದೆಯೆಂದು ಎಲ್ಲರೂ ನಂಬಿರುವುದು ತಿಳಿದಾಗ ಅವನ ಮುಖ ಒಗೆದ ಬಟ್ಟೆಯಂತೆ ಬಿಳುಚಿತು. ಕೈತಪ್ಪಿದರೆ ಇಂಥ ಸಂಬಂಧ ಮತ್ತೆ ಬಾರದು. ಕುಂಟುತ್ತಲೇ ಟೈಪಿಸ್ಟಳ ಅಕ್ಕನ ಹೊಲಿಗೆ ಅಂಗಡಿಗೆ ಓಡಿದ.

ಆಕೆ ಬಟ್ಟೆ ಕತ್ತರಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಪದದ ಅರ್ಥ, ಮೂಲ, ಶಸ್ತ್ರದ ನೆಂಟಸ್ತಿಕೆ, ಚಪ್ಪಲಿ, ಎಲ್ಲವನ್ನೂ ಒಪ್ಪಿಸಿದ. "ನನಗೆ ಯಾವ ಆಪರೇಷನ್ನೂ ಆಗಿಲ್ಲ. ನಾನು ಸರಿಯಾಗೇ ಇದೀನಿ."

ಕತ್ತರಿ ನಿಂತಿತು.

"ಚಿಕ್ಕವಳು ಹುಟ್ಟುವಾಗ ನಾನು ಸತ್ತು ಬದುಕಿದೆ" ಎಂದಳು ಆಕೆ. "ಇನ್ನೊಂದು ಹೆರಿಗೆ ಅಂದ್ರೆ ಭಯ. ಈ ಮದುವೆ ಬೇಡ ಅಂತಲೇ ಹೇಳೋದಿತ್ತು. ತಂಗಿ ಫೋನ್ ಮಾಡಿದ್ಮೇಲೆ, ಕೇಳದೇನೇ ಅರ್ಥ ಮಾಡ್ಕೊಂಡ ಮನುಷ್ಯ ಅಂತ ಒಪ್ಪಿಬಿಟ್ಟಿದ್ದೆ."

ಅವನು ಬಾಗಿಲಿನಿಂದ ಒಳಗೆ ಬಂದ. "ಹಾಗಾದ್ರೆ ನಾಳೇನೇ ಮಾಡಿಸ್ಕೋತೀನಿ."

"ಮಾಡಿಸ್ಕೊಂಡಿಲ್ಲ ಅಂತ ಹೇಳೋಕೆ ತಾನೇ ಈ ಕಾಲಲ್ಲಿ ಓಡಿ ಬಂದಿದ್ದು?"

ಆಕೆ ಮತ್ತೆ ಬಟ್ಟೆಯ ಕಡೆ ಬಗ್ಗಿದಳು.

ಊಟದ ಡಬ್ಬಿ ಕಚೇರಿಯಲ್ಲೇ ಉಳಿದಿತ್ತು. ಅವನು ಹಿಂದಿರುಗಿದಾಗ ಎಲ್ಲರೂ ಹೋಗಿದ್ದರು. ದಿಂಬು ಮಾತ್ರ ಕುರ್ಚಿಯ ಮೇಲೇ ಇತ್ತು. ಡಬ್ಬಿಯನ್ನು ಎತ್ತಿಕೊಂಡ. ಆಮೇಲೆ, ನಿಜವಾಗಿಯೂ ಏನೋ ಕಳೆದುಕೊಂಡವನಂತೆ, ಮೆಲ್ಲಗೆ ಅದರ ಮೇಲೆ ಕೂತ.