ಹಂಚಿನ ಮಾಡಿಗೊಂದು ಹಾಲುಹಲ್ಲು

"ಈ ಮನೆಯ ಹಲ್ಲು ಹಂಚಿನ ಮೇಲೆ ಹೋಗುವುದಿಲ್ಲ, ಬಾಟಲಿಯೊಳಗೆ ಹೋಗುತ್ತದೆ!" ಎಂದು ಡಾಕ್ಟರ್ ಪ್ರವೀಣ್ ಶನಿವಾರ ಬೆಳಿಗ್ಗೆ ಎಂಟೂವರೆಗೆ ನೀರುದೋಸೆಯ ತಟ್ಟೆಯ ಮುಂದೆ ಎದ್ದು ನಿಂತು ಘೋಷಿಸಿಬಿಟ್ಟರು.

ಘೋಷಣೆಗೆ ಕಾರಣವಿತ್ತು. ಏಳು ವರ್ಷದ ಮಗಳು ಮಾನಸಳ ಕೆಳಸಾಲಿನ ಮುಂದಿನ ಹಲ್ಲು ಆಗಷ್ಟೇ ಬಿದ್ದಿತ್ತು. ಬಿದ್ದದ್ದಾದರೂ ಯಾವುದಕ್ಕೆ? ನೀರುದೋಸೆಗೆ! ಎರಡು ವಾರದಿಂದ ಅಲ್ಲಾಡುತ್ತಲೇ ಚಕ್ಕುಲಿಯನ್ನು ಎದುರಿಸಿ, ಕಡಲೆಕಾಯಿ ಚಿಕ್ಕಿಯನ್ನು ಸೋಲಿಸಿ, ಪೇರಳೆಕಾಯಿಯ ಬೀಜಕ್ಕೂ ಜಗ್ಗದ ಆ ವೀರ ಹಲ್ಲು, ಊದಿದರೆ ಹರಿಯುವ ನೀರುದೋಸೆಯ ಮುಂದೆ ಶರಣಾಗಿತ್ತು.

ಪ್ರವೀಣ್ ದಂತವೈದ್ಯರು. ಕಡಿಯಾಳಿಯಲ್ಲಿ ಹದಿನೈದು ವರ್ಷದಿಂದ ಕ್ಲಿನಿಕ್, ಮಣಿಪಾಲದಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟು. ಹಲ್ಲಿನ ವಿಷಯದಲ್ಲಿ ಅವರಿಗೆ ತಿಳಿಯದ್ದು ಏನೂ ಇಲ್ಲ ಎಂದು ಪೂರ್ತಿಯಾಗಿ ನಂಬಿದವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬರು ಸ್ವತಃ ಅವರು, ಇನ್ನೊಬ್ಬಳು ಮಾನಸ. ಗೋಡೆಗೆ ತೂಗುಹಾಕಿದ ಎರಡು ಡಿಗ್ರಿಗಳಿಗಿಂತ ಮಗಳ ಆ ನಂಬಿಕೆಯೇ ಅವರಿಗೆ ದೊಡ್ಡ ಬಿರುದು.

"ಬಾಟಲಿಯಲ್ಲಿಟ್ಟು ಎಂತ ಮಾಡುವುದು? ಉಪ್ಪಿನಕಾಯಿಯಾ?" ಎಂದಳು ಹೆಂಡತಿ ಕಾವ್ಯ, ಕಾವಲಿಯಿಂದ ಕಣ್ಣೆತ್ತದೆ.

"ನೆನಪಿಗೆ! ತಾರೀಕು ಬರೆದು, ಲೇಬಲ್ ಅಂಟಿಸಿ ಇಡುವುದು. ವೈಜ್ಞಾನಿಕವಾಗಿ!"

"ಬೇಡ ಪಪ್ಪ," ಎಂದಳು ಮಾನಸ. "ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಹಂಚಿನ ಮಾಡಿಗೆ ಎಸೆಯಬೇಕು. ಕಾಗೆ ನೋಡಬಾರದು. ಎಸೆಯುವವರೆಗೆ ಬಾಯಿಯ ತೂತನ್ನೂ ಕಾಗೆಗೆ ತೋರಿಸಬಾರದು. ನೋಡಿದರೆ ಹೊಸ ಹಲ್ಲು ಬರುವುದೇ ಇಲ್ಲ. ಅಜ್ಜಿ ಹೇಳಿದ್ದಾರೆ."

ಅಜ್ಜಿ ಎಂದರೆ ಕಾವ್ಯಳ ತಾಯಿ ರತ್ನಾವತಿ. ಕಾಪುವಿನಲ್ಲಿ ಕಡಲಿಗೆ ಕೂಗಳತೆಯಲ್ಲಿ ಮನೆ. ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ಮಕ್ಕಳನ್ನು ಓದಿಸಿದ ಹೆಂಗಸು. ಅವರ ಮಾತೆಂದರೆ ಮಾನಸಳಿಗೆ ವೇದ.

"ಹೊಸ ಹಲ್ಲು ದವಡೆಯೊಳಗೆ ಆಗಲೇ ತಯಾರಾಗಿ ಉಂಟು ಮಗಾ," ಎಂದು ಪ್ರವೀಣ್ ಪಾಠ ಶುರುಮಾಡಿದರು. "ಕಾಗೆ ನೋಡಿದರೂ ಬರುತ್ತದೆ, ಗಿಡುಗ ನೋಡಿದರೂ ಬರುತ್ತದೆ. ಇದೆಲ್ಲ ಹಳ್ಳಿಯವರ ಮೂಢನಂಬಿಕೆ."

"ಹಳ್ಳಿಯವರದ್ದಾ? ಹಾಗೆ ಹೇಳಬೇಡಿ ಡಾಕ್ಟ್ರೇ!" ಎಂಬ ದನಿ ಬಾಗಿಲಿನಿಂದ ಬಂತು. ಎದುರು ಫ್ಲ್ಯಾಟಿನ ಇಮೆಲ್ಡಾ ಬಾಯಿ, ಇಡ್ಲಿಯಂಥ ಸಾನ್ನಾಂ ತುಂಬಿದ ಡಬ್ಬಿ ಹಿಡಿದು ನಿಂತಿದ್ದರು. ಇಪ್ಪತ್ತೆರಡು ವರ್ಷ ಕುವೈತಿನಲ್ಲಿ ನರ್ಸ್ ಆಗಿದ್ದವರು. ಅವರ ವಾರ್ಡಿನಲ್ಲಿ ಎಂಟು ದೇಶದ ನರ್ಸುಗಳಿದ್ದುದರಿಂದ, ಎಂಟು ದೇಶಗಳಲ್ಲಿ ಬಿದ್ದ ಹಲ್ಲಿನ ಗತಿಯೇನೆಂದು ಅವರಿಗೆ ಬಾಯಿಪಾಠ.

"ಈಜಿಪ್ಟಿನವರು ಸೂರ್ಯನಿಗೆ ಎಸೆಯುವುದು. 'ಕತ್ತೆಯ ಹಲ್ಲು ತೆಗೆದುಕೋ, ಜಿಂಕೆಯ ಹಲ್ಲು ಕೊಡು' ಅಂತ ಹೇಳಿ! ಫಿಲಿಪೈನ್ಸಿನವರು ಮಾಡಿಗೆ, ಇಲಿಗೆ ಅಂತ. ಇಲಿಯ ಹಲ್ಲು ಗಟ್ಟಿ ಅಲ್ವಾ? ಸ್ಪೇನಿನಲ್ಲಿ ದಿಂಬಿನ ಅಡಿಗೆ, ಅಲ್ಲಿಯೂ ಇಲಿಯೇ ಬಂದು ಕೊಂಡುಹೋಗುವುದು. ಟರ್ಕಿಯಲ್ಲಿ ಮಗು ಡಾಕ್ಟರ್ ಆಗಬೇಕಾದರೆ ಹಲ್ಲನ್ನು ಆಸ್ಪತ್ರೆಯ ಅಂಗಳದಲ್ಲಿ ಹೂಳುತ್ತಾರಂತೆ. ನಾವು ಕಾರ್ಕಳದಲ್ಲಿ ಸಣ್ಣವರಿರುವಾಗ ನಮ್ಮ ಪಪ್ಪನೂ ಮಾಡಿಗೇ ಎಸೆಯಿಸಿದ್ದು."

ಮಾನಸಳ ಕಣ್ಣು ಇಡ್ಲಿಯಷ್ಟಾಯಿತು. ಪ್ರವೀಣ್ ವ್ಯಂಗ್ಯವಾಗಿ ಕೇಳಿದರು: "ಬಾಟಲಿಯಲ್ಲಿ ಇಡುವ ದೇಶ ಯಾವುದೂ ಇಲ್ವಾ?"

"ಇಲ್ಲ ಡಾಕ್ಟ್ರೇ," ಎಂದರು ಇಮೆಲ್ಡಾ ಬಾಯಿ ಬಹಳ ಯೋಚಿಸಿ. "ಅಷ್ಟು ಹಿಂದುಳಿದ ದೇಶ ನಾನು ನೋಡಲಿಲ್ಲ."

ಇಷ್ಟಾದ ಮೇಲೂ ಹಲ್ಲು ಬಾಟಲಿಗೇ ಹೋಯಿತು. ಗಂಡಸಿನ ಘೋಷಣೆ ಎಂದರೆ ಸುಮ್ಮನೆಯೇ? ಅದೇ ಹೊತ್ತಿಗೆ ಬಾಲ್ಕನಿಯ ಕಂಬಿಯ ಮೇಲೆ ಒಂದು ಕಾಗೆ ಬಂದು ಕುಳಿತು ಕತ್ತು ಓರೆ ಮಾಡಿ ಒಳಗೆ ಇಣುಕಿತು. ಮಾನಸ ತುಟಿ ಬಿಗಿದಳು. ಬಿಗಿದವಳು ಮತ್ತೆ ಬಿಡಿಸಲಿಲ್ಲ.

ಮಧ್ಯಾಹ್ನ ಊಟಕ್ಕೆ ಕರೆದರೆ ಚೀಟಿಯಲ್ಲಿ ಬರೆದು ಕೊಟ್ಟಳು: "ಕಾಗೆ ಉಂಟು." ಕಿಟಕಿ ಮುಚ್ಚಿದರೆ ಇನ್ನೊಂದು ಚೀಟಿ: "ಗಾಜಿನಲ್ಲಿ ಕಾಣುತ್ತದೆ." ಸಂಜೆಗೆ ಗಂಜಿತಿಳಿಯನ್ನು ಸ್ಟ್ರಾದಲ್ಲಿ ಕುಡಿದಳು, ಅದೂ ಚಾದರದೊಳಗೆ ಕುಳಿತು.

"ಸ್ವಲ್ಪ ಬಾಯಿ ತೆರೆ ಮಗಾ, ಪಪ್ಪ ನೋಡುತ್ತೇನೆ," ಎಂದು ಪ್ರವೀಣ್ ಟಾರ್ಚು ಹಿಡಿದು ಬೇಡಿದರು. ಪೊಲೀಸರು, ವಕೀಲರು, ಬ್ಯಾಂಕ್ ಮ್ಯಾನೇಜರರು ಅವರ ಒಂದೇ ಮಾತಿಗೆ ಆ ಎಂದು ಬಾಯಿ ತೆರೆದು ಮಲಗುತ್ತಿದ್ದರು. ಸ್ವಂತ ಮಗಳು ತಲೆಯಾಡಿಸಿ ಚಾದರ ಎಳೆದುಕೊಂಡಳು. ಪ್ರವೀಣರಿಗೆ ನಿಜಕ್ಕೂ ಸಂಕಟವಾಯಿತು. ಹಲ್ಲಿನ ವಿಷಯಕ್ಕೆ ಅವಳು ತನ್ನನ್ನು ನಂಬದೆ ಹೋದದ್ದು ಇದೇ ಮೊದಲು.

"ಊರವರ ಬಾಯಿ ತೆರೆಸುವವರು ನೀವು. ಮನೆಯಲ್ಲಿದ್ದ ಒಂದು ಬಾಯಿ ಮುಚ್ಚಿಸಿದಿರಿ!" ಎಂದಳು ಕಾವ್ಯ. "ಒಂದು ಹಲ್ಲು ಎಸೆದರೆ ನಿಮ್ಮ ಡಿಗ್ರಿಯನ್ನು ಯಾರೂ ವಾಪಸ್ ಕೇಳುವುದಿಲ್ಲ ಮಾರಾಯ್ರೇ. ನಾಳೆ ಕಾಪುವಿಗೆ ಹೋಗುವ."

ಕಾಪುವಿಗಾ? ಅತ್ತೆಯ ಮುಂದೆ ಸೋಲೊಪ್ಪುವುದಾ? ಛೇ! ಎಸೆಯುವುದೇ ಆದರೆ ಇಲ್ಲಿಯೇ, ಗುಟ್ಟಾಗಿ!

ಭಾನುವಾರ ಬೆಳಿಗ್ಗೆ ಪ್ರವೀಣ್ ಕಾರ್ಯಾಚರಣೆಗೆ ಇಳಿದರು. ಮಣಿಪಾಲದ ಫ್ಲ್ಯಾಟುಗಳ ನಡುವೆ ಹಂಚಿನ ಮಾಡು ಎಲ್ಲಿಂದ ತರುವುದು? ಕೆಳಗೆ ಗೇಟಿನ ಪಕ್ಕ ವಾಚ್‌ಮನ್ನನ ಕೋಣೆ ಇತ್ತು, ಚಂದಕ್ಕೆಂದು ಅದಕ್ಕೆ ಕೆಂಪು ಹಂಚು ಹೊದಿಸಿದ್ದರು. ಸೆಗಣಿಗೆ ಕಡಿಯಾಳಿಯಲ್ಲಿ ದನ ಸಾಕಿದ ಒಬ್ಬ ಪೇಶೆಂಟಿನ ಮನೆಗೆ ಹೋದರು. "ಡಾಕ್ಟ್ರಿಗೆ ಸೆಗಣಿ ಎಂತಕ್ಕೆ?" ಎಂದು ಅವರು ಕೇಳಿದಾಗ "ಸಂಶೋಧನೆಗೆ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಕಾರು ಹತ್ತಿದರು. ಆ ಪೇಶೆಂಟು ಮರಳಿ ಕ್ಲಿನಿಕ್ಕಿಗೆ ಬರುವುದು ಅನುಮಾನ!

ಹಲ್ಲನ್ನು ಬಾಟಲಿಯಿಂದ ತೆಗೆದು, ಸೆಗಣಿಯಲ್ಲಿಟ್ಟು, ನೆಲ್ಲಿಕಾಯಿಯಷ್ಟು ಉಂಡೆ ಮಾಡಿ ಬಾಲ್ಕನಿಗೆ ಬಂದರು. ಮಾನಸ ಎಸೆಯಲು ಕೈಚಾಚಿದಳು. "ದೂರ ಉಂಟು ಮಗಾ, ನಿನಗೆ ಆಗುವುದಿಲ್ಲ. ಪಪ್ಪ ಕಾಲೇಜು ಟೀಮಿನ ಬೌಲರ್!" ಎಂದು ಪ್ರವೀಣ್ ಎರಡು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು, ಕೈ ತಿರುಗಿಸಿ ಎಸೆದರು.

ಗುರಿ ತಪ್ಪಲಿಲ್ಲ. ಉಂಡೆ ಸರಿಯಾಗಿ ಹಂಚಿನ ಮೇಲೆ ಪಚಕ್ಕೆಂದು ಕುಳಿತಿತು. ಪ್ರವೀಣ್ ಗೆಲುವಿನಿಂದ ಕೈಯೆತ್ತಿದರು. ಆ ಕೈ ಇನ್ನೂ ಮೇಲೆ ಇರುವಾಗಲೇ, ಎಲ್ಲಿತ್ತೋ ಏನೋ, ಒಂದು ಕಾಗೆ ಇಳಿದು ಬಂದು ಉಂಡೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಪಡುವಣ ದಿಕ್ಕಿಗೆ ಹಾರಿಹೋಯಿತು.

ಮಾನಸ ಕಿರುಚಲು ಬಾಯಿ ತೆರೆದವಳು ಎರಡೂ ಕೈಯಿಂದ ಮುಚ್ಚಿಕೊಂಡಳು. ಕಣ್ಣಿನಿಂದ ದಳದಳ ನೀರು. ಸ್ವಲ್ಪ ಹೊತ್ತಿನಲ್ಲಿ ಚೀಟಿ ಬಂತು: "ನೋಡಿದ್ದು ಮಾತ್ರ ಅಲ್ಲ. ಕೊಂಡೇ ಹೋಯಿತು."

ತಂದೆಯಾದವನು ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಬುದ್ಧಿವಂತ ತಂದೆಯಾದರೆ ಸುಮ್ಮನಿರುತ್ತಾನೆ. ಪ್ರವೀಣ್ ಅತಿ ಬುದ್ಧಿವಂತರು! "ಅದು ಎಲ್ಲಿಯಾದರೂ ಕೆಡವಿರುತ್ತದೆ, ಹುಡುಕಿ ತರುತ್ತೇನೆ" ಎಂದು ಹೇಳಿ ಕೆಳಗಿಳಿದು, ನೇರ ಕ್ಲಿನಿಕ್ಕಿಗೆ ಕಾರು ಓಡಿಸಿದರು. ಅಲ್ಲಿ ಮಕ್ಕಳಿಗೆ ಹಲ್ಲುಜ್ಜುವುದನ್ನು ತೋರಿಸಲು ಒಂದು ಪ್ಲಾಸ್ಟಿಕ್ ದವಡೆ ಇತ್ತು, ಅಚ್ಚುಕಟ್ಟಾದ ಇಪ್ಪತ್ತು ಹಾಲುಹಲ್ಲುಗಳಿದ್ದ ದವಡೆ. ಅದರ ಕೆಳಸಾಲಿನಿಂದ ಒಂದನ್ನು ತಿರುಗಿಸಿ ಬಿಚ್ಚಿದರು. ಹದಿನೈದು ವರ್ಷದಲ್ಲಿ ಅವರು ಇಷ್ಟು ಸುಲಭವಾಗಿ ಹಲ್ಲು ಕಿತ್ತದ್ದೇ ಇಲ್ಲ!

"ಸಿಕ್ಕಿತು! ಕಾಗೆ ಸೆಗಣಿಯ ರುಚಿ ನೋಡಿ ಉಗಿದುಹೋಗಿತ್ತು!" ಎಂದು ಏದುಸಿರು ಬಿಡುತ್ತ ಬಂದು ಮಗಳ ಅಂಗೈಯಲ್ಲಿಟ್ಟರು.

ಮಾನಸ ಹಲ್ಲನ್ನು ಕಿರುಬೆರಳಿನ ಪಕ್ಕ ಇಟ್ಟು ಅಳೆದಳು. ಚೀಟಿ ಬರೆದಳು: "ನನ್ನ ಹಲ್ಲು ಇಷ್ಟು ಉದ್ದ ಇರಲಿಲ್ಲ."

ಪ್ರವೀಣ್ ಬಗ್ಗಿ ನೋಡಿದರು. ತಾನಾಗಿ ಬಿದ್ದ ಹಾಲುಹಲ್ಲಿನ ಬೇರು ಕರಗಿರುತ್ತದೆ ಎಂದು ದಿನಕ್ಕೆ ನಾಲ್ಕು ತಾಯಂದಿರಿಗೆ ಹೇಳುವವರು ಅವರೇ. ಈ ಪ್ಲಾಸ್ಟಿಕ್ ಹಲ್ಲಿಗೋ, ಒಳ್ಳೆಯ ಉದ್ದದ ಬೇರು!

"ಅದು ಮಗಾ... ಹೊರಗೆ ಬಿಸಿಲಿಗೆ ಬಿದ್ದರೆ ಹಲ್ಲು ಸ್ವಲ್ಪ ಉದ್ದ ಆಗುತ್ತದೆ."

ಹೀಗೆ, ಮೂಢನಂಬಿಕೆಗಳ ಪರಮಶತ್ರುವಾದ ಡಾಕ್ಟರ್ ಪ್ರವೀಣ್, ಎಂಟು ದೇಶಗಳಲ್ಲಿ ಎಲ್ಲಿಯೂ ಇಲ್ಲದ ಒಂದು ಹೊಚ್ಚಹೊಸ ಮೂಢನಂಬಿಕೆಯನ್ನು ಸ್ವಂತ ಬಾಯಿಯಿಂದ ಹೆತ್ತರು. ಅಡುಗೆಮನೆಯಲ್ಲಿ ಕಾವ್ಯಳ ಕೈಯಿಂದ ಸೌಟು ಬಿದ್ದ ಸದ್ದಾಯಿತು. ಮಾನಸ ಮಾತ್ರ ಶಾಂತವಾಗಿ ಬರೆದಳು: "ಅಜ್ಜಿಗೆ ತೋರಿಸುವ."

ಕಾಪು ತಲುಪಿದಾಗ ಹನ್ನೊಂದು ಗಂಟೆ. ರತ್ನಾವತಿ ಅಂಗಳದಲ್ಲಿ ಚಾಪೆ ಹಾಸಿ ಮೀನು ಒಣಗಿಸುತ್ತ, ಕೋಲು ಹಿಡಿದು ಕಾಗೆ ಓಡಿಸುತ್ತಿದ್ದರು. ಒಂದೆರಡಲ್ಲ, ಇಡೀ ಕಾಪುವಿನ ಕಾಗೆಗಳು ಅಲ್ಲಿ ಸಭೆ ಸೇರಿದ್ದವು! ಮಾನಸ ಅಮ್ಮನ ಶಾಲಿನೊಳಗೆ ತಲೆ ಹುದುಗಿಸಿಯೇ ಇಳಿದಳು.

ಕಾವ್ಯ ಕಥೆಯನ್ನೆಲ್ಲ ಹೇಳಿದಳು. ರತ್ನಾವತಿ ಹಲ್ಲನ್ನು ತೆಗೆದುಕೊಂಡು ಬೆರಳುಗಳ ನಡುವೆ ಹೊರಳಿಸಿದರು. ಬಂಗುಡೆಯ ಕಿವಿರು ಎತ್ತಿ, ಅದು ಇವತ್ತಿನದೋ ನಿನ್ನೆಯದೋ ಎಂದು ಮೂವತ್ತು ವರ್ಷ ತೀರ್ಪು ಕೊಟ್ಟ ಬೆರಳುಗಳು ಅವು. ಹೆಬ್ಬೆರಳು ಹಲ್ಲಿನ ಬುಡದಲ್ಲಿ ಬಂದು ನಿಂತಿತು. ಅವರು ತಲೆಯೆತ್ತಿ ಅಳಿಯನನ್ನು ನೋಡಿದರು. ಅಳಿಯ ದೂರದ ಕಡಲತೀರದ ದೀಪಸ್ತಂಭವನ್ನು ನೋಡಿದರು.

"ಡಾಕ್ಟ್ರೇ, ಸ್ವಲ್ಪ ಬಾವಿಕಟ್ಟೆಯ ಹತ್ತಿರ ಬನ್ನಿ."

ಹೋದರು. ರತ್ನಾವತಿ ದನಿ ತಗ್ಗಿಸಿದರು. "ನಮ್ಮ ಮಗುವಿನ ಹಲ್ಲಿಗೆ ಸ್ಕ್ರೂ ಹಾಕುವ ತೂತು ಯಾಕೆ ಉಂಟು?"

ಪ್ರವೀಣ್ ಎಲ್ಲವನ್ನೂ ಒಪ್ಪಿಕೊಂಡರು. ಬಾಟಲಿ, ಸೆಗಣಿ, ಕಾಗೆ, ಪ್ಲಾಸ್ಟಿಕ್ ದವಡೆ, ಒಂದನ್ನೂ ಬಿಡಲಿಲ್ಲ. ಅತ್ತೆ ನಗುತ್ತಾರೆ ಎಂದುಕೊಂಡಿದ್ದರು. ನಕ್ಕರು ಕೂಡ, ಸೆರಗನ್ನು ಬಾಯಿಗೆ ತುರುಕಿಕೊಂಡು, ಬಾವಿಯ ಹಗ್ಗ ಹಿಡಿದುಕೊಂಡು. ಆದರೆ ನಗು ನಿಂತ ಮೇಲೆ ಹೇಳಿದ್ದು ಬೇರೆ. "ಮಗುವಿಗೆ ಇದು ಗೊತ್ತಾಗುವುದು ಬೇಡ. ಅವಳಿಗೆ ಅಪ್ಪ ಎಂದರೆ ಅಪ್ಪನೇ. ನಾನು ನೋಡಿಕೊಳ್ಳುತ್ತೇನೆ."

"ಅತ್ತೆ, ನೀವು ಇದನ್ನೆಲ್ಲ ನಿಜವಾಗಿ ನಂಬುತ್ತೀರಾ?"

"ನಂಬುವುದು ಎಂತ ಡಾಕ್ಟ್ರೇ? ಮೈಯಿಂದ ಒಂದು ತುಂಡು ಕಳಚಿ ಕೈಗೆ ಬಂದರೆ ನಿಮಗೆ ಹೆದರಿಕೆ ಆಗುವುದಿಲ್ವಾ? ಮಗುವಿಗೂ ಆಗುತ್ತದೆ. ಆ ಕೈಗೆ ಒಂದು ಕೆಲಸ ಕೊಡಬೇಕು. ಎಸೆಯುವಾಗ ಹಲ್ಲಿನೊಟ್ಟಿಗೆ ಹೆದರಿಕೆಯೂ ಹೋಗುತ್ತದೆ. ನೀವು ಎಂತ ಮಾಡಿದಿರಿ? ಅವಳ ಕೈಯಿಂದ ತೆಗೆದು ನೀವೇ ಎಸೆದಿರಿ."

ಪ್ರವೀಣ್ ಓದಿದ ದಪ್ಪ ಪುಸ್ತಕಗಳಲ್ಲಿ ಹಲ್ಲಿನ ಬೇರಿನ ಬಗ್ಗೆ ಮುನ್ನೂರು ಪುಟ ಇತ್ತು. ಹಲ್ಲು ಬಿದ್ದ ಮಗುವಿನ ಕೈಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಈಜಿಪ್ಟಿನ ಬಿಸಿಲಿನಲ್ಲಿ, ಸ್ಪೇನಿನ ದಿಂಬಿನ ಬಳಿ, ಕಾರ್ಕಳದ ಅಂಗಳದಲ್ಲಿ, ಎಲ್ಲೆಲ್ಲೂ ಇಂಥ ಒಬ್ಬ ಅಜ್ಜಿ ಕುಳಿತು ಇದನ್ನು ಕಂಡುಹಿಡಿದಿರಬೇಕು ಎಂದು ಅವರಿಗೆ ಹೊಳೆಯಿತು. ಎಂಥ ಹೆಂಗಸರು! ಅತ್ತೆಯ ಮೇಲೆ ಅವರಿಗೆ ಇದ್ದ ಗೌರವ ಆ ಬಾವಿಕಟ್ಟೆಯಲ್ಲಿ ದುಪ್ಪಟ್ಟಾಯಿತು.

ರತ್ನಾವತಿ ಅಂಗಳಕ್ಕೆ ಬಂದು ಮೊಮ್ಮಗಳ ಮುಂದೆ ಕುಳಿತರು. "ಹಲ್ಲು ನಿನ್ನದೇ ಮಗಾ, ಬಿಸಿಲಿಗೆ ಸ್ವಲ್ಪ ಉದ್ದ ಆದದ್ದು ಅಷ್ಟೇ. ಕಾಗೆ ಕೊಂಡುಹೋದದ್ದು ಸೆಗಣಿ ಸಮೇತವಾ?"

ಶಾಲು ಹೌದೆಂದು ಅಲ್ಲಾಡಿತು.

"ಹಾಗಾದರೆ ಅಳುವುದು ಯಾಕೆ? ಒಳಗೆ ಹಲ್ಲು ಇದ್ದದ್ದು ಕಾಗೆಗೆ ಹೇಗೆ ಕಾಣುವುದು? ಕಾಣಬಾರದು ಅಂತಲೇ ಅಲ್ವಾ ಸೆಗಣಿ ಸುತ್ತುವುದು!"

ಶಾಲಿನಿಂದ ಎರಡು ಕಣ್ಣುಗಳು ಹೊರಬಂದವು. ವಾದ ಎಂದರೆ ಇದು! ಸುಪ್ರೀಂ ಕೋರ್ಟಿನಲ್ಲಿಯೂ ನಿಲ್ಲುವಂಥದ್ದು!

ಪಕ್ಕದ ಮನೆಯಿಂದ ಸೆಗಣಿ ಬಂತು. ಸ್ಕ್ರೂ ತೂತಿನ ಹಲ್ಲನ್ನು ರತ್ನಾವತಿ ತಾವೇ, ಯಾರಿಗೂ ತೂತು ಕಾಣದ ಹಾಗೆ, ಉಂಡೆ ಕಟ್ಟಿ ಮಾನಸಳ ಕೈಗಿತ್ತರು. ಮಾಡಿಗೆ ಬೆನ್ನು ಹಾಕಿ ನಿಲ್ಲಿಸಿದರು. ಪ್ರವೀಣರನ್ನೂ ಕಾವ್ಯಳನ್ನೂ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ, "ಯಾರೂ ತಿರುಗಿ ನೋಡಬಾರದು" ಎಂದು ಅಪ್ಪಣೆ ಕೊಟ್ಟರು. ಮಾನಸ ಹೆಗಲ ಮೇಲಿಂದ ಬೀಸಿ ಎಸೆದಳು. ಹಿಂದೆ ಎಲ್ಲೋ ಹಂಚಿನ ಮೇಲೆ ಪಚಕ್ ಎಂದಿತು. ಪ್ರವೀಣ್ ತಿರುಗಿ ನೋಡಲಿಲ್ಲ. ಆಸೆಯಾಗಿತ್ತು, ಆದರೂ ನೋಡಲಿಲ್ಲ.

"ಇನ್ನು ಬಾಯಿ ತೆರೆ ಮಗಾ. ಕಾಗೆಗಳು ಬರಲಿ, ಕೋಲು ಉಂಟು!"

ಒಂದು ದಿನದಿಂದ ಮುಚ್ಚಿದ್ದ ಬಾಯಿ ತೆರೆಯಿತು. ಪ್ರವೀಣ್ ಧಾವಿಸಿ ಬಗ್ಗಿ ನೋಡಿದರು. ತೂತಿನಲ್ಲಿ, ಒಸಡಿನ ಅಂಚಿನಲ್ಲಿ, ಅಕ್ಕಿನುಚ್ಚಿನಷ್ಟು ಬೆಳ್ಳಗೆ ಹೊಸ ಹಲ್ಲು ಇಣುಕುತ್ತಿತ್ತು. ಬಾಯಿ ತೆರೆದಿದ್ದರೆ ಶನಿವಾರವೇ ಕಾಣುತ್ತಿತ್ತು!

"ಬಂತು ನೋಡು!" ಎಂದರು ರತ್ನಾವತಿ.

"ಪಪ್ಪಾ! ಎಸೆದು ಒಂದು ನಿಮಿಷ ಆಗಲಿಲ್ಲ! ಬಂತು!" ಮಾನಸ ಅಂಗಳದ ತುಂಬ ಕುಣಿದಳು. "ಅಲ್ವಾ ಪಪ್ಪ? ನಿಮಗೆ ಹಲ್ಲಿನದ್ದು ಎಲ್ಲ ಗೊತ್ತುಂಟಲ್ಲ, ಹೇಳಿ!"

ಹಲ್ಲು ಮೂಡಲು ಎಷ್ಟು ತಿಂಗಳು ಬೇಕು, ಯಾವ ಹಂತದಲ್ಲಿ ಏನಾಗುತ್ತದೆ, ಎಲ್ಲ ನಾಲಿಗೆಯ ತುದಿಗೆ ಬಂತು. ಮಗಳ ನಗುವ ಬಾಯಿ ನೋಡಿದರು. ಅತ್ತೆಯ ಮುಖ ನೋಡಿದರು.

"ಹೌದು ಮಗಾ," ಎಂದರು ಡಾಕ್ಟರ್ ಪ್ರವೀಣ್. "ಅಜ್ಜಿಯ ಕೈಗುಣ."

ಮಾನಸ ಸೋಮವಾರ ಶಾಲೆಯಲ್ಲಿ ಈ ಸುದ್ದಿಯನ್ನು ಬಾಯ್ತುಂಬ ಹೇಳಿದಳು. ಬುಧವಾರ ಸಂಜೆ ಅವಳ ತರಗತಿಯ ಹುಡುಗಿಯೊಬ್ಬಳನ್ನು ಕರೆದುಕೊಂಡು ತಾಯಿ ಕ್ಲಿನಿಕ್ಕಿಗೆ ಬಂದರು. ಪ್ರವೀಣ್ ಉತ್ಸಾಹದಿಂದ ಗ್ಲೌಸ್ ಹಾಕಿಕೊಂಡು ಕುರ್ಚಿ ತೋರಿಸಿದರು.

"ನಿಮಗೆ ತೊಂದರೆ ಬೇಡ ಡಾಕ್ಟ್ರೇ, ಹಲ್ಲು ಬಿದ್ದಾಯಿತು," ಎಂದರು ಆಕೆ ಕರವಸ್ತ್ರದ ಗಂಟು ತೋರಿಸಿ, ಸಂಕೋಚದಿಂದ. "ಕಾಪುವಿನಲ್ಲಿ ನಿಮ್ಮ ಅತ್ತೆಯವರ ಅಪಾಯಿಂಟ್‌ಮೆಂಟ್ ಸಿಗಬಹುದಾ? ಭಾನುವಾರ ಹತ್ತು ಗಂಟೆಗೆ?"

ಡಾಕ್ಟರ್ ಪ್ರವೀಣ್ ಗ್ಲೌಸ್ ಬಿಚ್ಚಿ, ಡೈರಿ ತೆರೆದು ನೋಡಿದರು.

"ಹತ್ತಕ್ಕೆ ಬೇರೆಯವರು ಇದ್ದಾರೆ," ಎಂದರು. "ಹನ್ನೊಂದಕ್ಕೆ ಆದೀತಾ?"